ಹೆಸರು ಹೇಳದೆ ಫೋಟೋ ಕಳಿಸುವ ಮುಂಚೆ ಇದನ್ನು ಓದಿ

ಅಕ್ರಮ ಮರಳು ಸಾಗಣೆ, ಲಂಚ ಇಂಥದ್ದರ ಫೋಟೋ ತೆಗೆದು ಗುಟ್ಟಾಗಿ ಕಳಿಸುವವರು ನಮ್ಮಲ್ಲಿ ಇದ್ದಾರೆ. ಅವರಿಗಾಗಿ ಈ ಮಾತು.

ಲೊಕೇಶನ್, ಸಮಯ, ಫೋನ್ ಮಾಡೆಲ್ ಫೋಟೋ ಫೈಲಿನೊಳಗೇ ಎಕ್ಸಿಫ್ ಮಾಹಿತಿಯಾಗಿ ಕೂತಿರುತ್ತವೆ. 2012ರಲ್ಲಿ ತಲೆಮರೆಸಿಕೊಂಡಿದ್ದ, ಮೆಕಾಫಿ ಆಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿದ್ದಾರೆ ಎಂದು ಗೊತ್ತಾಗಿದ್ದು ಹೀಗೆಯೇ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ.

ಇನ್ನೊಂದು ಗುರುತು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಕ್ಯಾಮೆರಾ ಸೆನ್ಸರ್‌ನ ಪಿಕ್ಸೆಲ್‌ಗಳೆಲ್ಲ ಬೆಳಕನ್ನು ಒಂದೇ ಸಮ ಹಿಡಿಯುವುದಿಲ್ಲ, ತುಸು ಹೆಚ್ಚುಕಡಿಮೆ ಇರುತ್ತದೆ. ಒಂದೇ ಮಾಡೆಲ್‌ನ ಎರಡು ಫೋನ್‌ಗಳಲ್ಲೂ ಈ ವ್ಯತ್ಯಾಸ ಬೇರೆ ಬೇರೆ. ಕಣ್ಣಿಗೆ ಕಾಣದಿದ್ದರೂ ಬೆರಳಚ್ಚಿನ ಹಾಗೆ ಪ್ರತಿ ಫೋಟೋದಲ್ಲೂ ಬೀಳುತ್ತದೆ. ಇದರಿಂದ ಕ್ಯಾಮೆರಾ ಪತ್ತೆ ಹಚ್ಚಬಹುದು ಎಂದು ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಜೆಸ್ಸಿಕಾ ಫ್ರಿಡ್ರಿಕ್ ಮತ್ತು ಸಂಗಡಿಗರು 2006ರಲ್ಲೇ ತೋರಿಸಿದರು. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರ ತೆಗೆದವರನ್ನು ಹಿಡಿಯಲು ಇಂಥ ವಿದ್ಯೆ ಖಂಡಿತ ಬೇಕು. ಆದರೆ ದೂರು ಕೊಟ್ಟವರನ್ನು ಹುಡುಕುವುದಕ್ಕೂ ಇದೇ ಸಾಕು.

ಹೋಲಿಸಿ ನೋಡಲು ಅದೇ ಫೋನಿನ ಬೇರೆ ಫೋಟೋಗಳು ಬೇಕು. ನಾವು ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರುತ್ತೇವೆ, ಅಲ್ವಾ? ಎಕ್ಸಿಫ್ ಅಳಿಸಿದರೂ ಈ ಗುರುತು ಅಳಿಯದು. ಸೈಜ್ ತುಂಬಾ ಚಿಕ್ಕದು ಮಾಡಿದರೆ ಮಸುಕಾಗುತ್ತದೆ, ಆದರೆ ಅದನ್ನೇ ನಂಬಬೇಡಿ.

ಹಬ್ಬದ ಫೋಟೋಗೆಲ್ಲ ಸುಮ್ನೆ ಹೆದರಬೇಕಾಗಿಲ್ಲ. ಜೀವಕ್ಕೋ ಕೆಲಸಕ್ಕೋ ಅಪಾಯ ಇರುವ ಫೋಟೋ ಆದರೆ ಬೇರೆ ಫೋನ್ ಬಳಸಿ. ಅದರಲ್ಲಿ ತೆಗೆದ ಬೇರೆ ಯಾವ ಫೋಟೋವನ್ನೂ ಎಲ್ಲೂ ಹಾಕಿರಬಾರದು, ಮುಂದೆಯೂ ಹಾಕಬಾರದು.