ಎಕ್ಸ್-ರೇಗೆ ಒಡೆದ ಅಣುವಿನಿಂದ ಋಣ ಅಯಾನು ಹಿಡಿಯುವುದು ಹೇಗೆ?

ಎಕ್ಸ್-ರೇ ಬಿದ್ದ ಅಣು ಎಲೆಕ್ಟ್ರಾನ್ ಕಳೆದುಕೊಳ್ಳುವುದೇ ಜಾಸ್ತಿ. ಒಳಗಿನ ಕಕ್ಷೆಯಿಂದ ಒಂದು ಎದ್ದು ಹೋಯಿತು ಅಂದರೆ, ಆ ಖಾಲಿ ಜಾಗ ತುಂಬುವಾಗ ಇನ್ನೊಂದು ಹೊರಗೆ ಹಾರುತ್ತದೆ. ಇದೇ ಓಜೆ ಕ್ರಿಯೆ. ಹಾಗಾಗಿ ಒಡೆದ ಚೂರುಗಳೆಲ್ಲ ಬಹುತೇಕ ಧನ ಅಯಾನುಗಳೇ, ಅಂದರೆ ಧನ ಚಾರ್ಜ್ ಹೊತ್ತ ಚೂರುಗಳು. ಅವುಗಳ ನಡುವೆ ಅಪರೂಪಕ್ಕೆ ಬರುವ ಋಣ ಅಯಾನನ್ನು ಹಿಡಿಯಬೇಕು.

ಶುರು ಮಾಡಲು ಕಾರ್ಬನ್ ಮೊನಾಕ್ಸೈಡ್ ಒಳ್ಳೆಯದು, ಅದು ಒಡೆದಾಗ ಬರುವ ಆಕ್ಸಿಜನ್ ಋಣ ಅಯಾನನ್ನು ಹಿಡಿಯೋಣ. 2001ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಎಕ್ಸ್-ರೇ ಕೇಂದ್ರ ಅಡ್ವಾನ್ಸ್ಡ್ ಲೈಟ್ ಸೋರ್ಸ್‌ನಲ್ಲಿ ಅಳೆದ ಫಲಿತಾಂಶ ಪ್ರಕಟವಾಗಿದೆ, ನಿಮ್ಮದನ್ನು ಅದರ ಪಕ್ಕ ಇಟ್ಟು ನೋಡಬಹುದು. ಆದರೆ ಇದು ವಾಸನೆಯೇ ಇಲ್ಲದ ವಿಷ. ಪಂಪಿನಿಂದ ಬರುವ ಗ್ಯಾಸನ್ನು ಕಟ್ಟಡದ ಹೊರಗೇ ಬಿಡಿ, ಅಲಾರಂ ಇಲ್ಲದೆ ಸಿಲಿಂಡರ್ ಮುಟ್ಟಲೇಬೇಡಿ.

ಈಗ ಡಿಟೆಕ್ಟರ್. ಧನ ಅಯಾನನ್ನು ಎಳೆಯಲು ಇಟ್ಟಿದ್ದ ವೋಲ್ಟೇಜನ್ನು ಉಲ್ಟಾ ಮಾಡಿ. ಬಿದ್ದ ಒಂದೊಂದು ಅಯಾನನ್ನೂ ದೊಡ್ಡ ಸಿಗ್ನಲ್ ಆಗಿಸುವ ತಟ್ಟೆ ಮೈಕ್ರೋಚಾನೆಲ್ ಪ್ಲೇಟ್. ಅದರ ಮುಂಭಾಗ ಸುಮಾರು +2000 ವೋಲ್ಟ್, ಹಿಂಭಾಗ ಅದಕ್ಕಿಂತ 2000 ಮೇಲೆ ಇರಲಿ. ಸಿಗ್ನಲ್ ಅಷ್ಟು ವೋಲ್ಟೇಜಿನ ಮೇಲೆ ಕೂತಿರುವುದರಿಂದ ನೇರ ತೆಗೆಯಲಾಗದು, ಅಷ್ಟು ವೋಲ್ಟೇಜ್ ತಡೆಯುವ ಕೆಪಾಸಿಟರ್ ಮೂಲಕವೇ ತೆಗೆಯಿರಿ.

ಇಷ್ಟಕ್ಕೇ ಬೀಗಬೇಡಿ, ಯಾಕಂದ್ರೆ ಈಗ ಬರುತ್ತಿರುವುದು ಬರೀ ಎಲೆಕ್ಟ್ರಾನ್! ಅವಕ್ಕೂ ಋಣ ಚಾರ್ಜೇ ಅಲ್ವಾ. ಸಣ್ಣ ಆಯಸ್ಕಾಂತ ಸಾಕು: 50 ಗಾಸ್‌ (ಆಯಸ್ಕಾಂತ ಬಲದ ಅಳತೆ) ಇದ್ದರೆ 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಸುಮಾರು 2 ಮಿಲಿಮೀಟರ್ ತ್ರಿಜ್ಯದಲ್ಲಿ ಸುತ್ತಿ ದಾರಿ ತಪ್ಪುತ್ತದೆ, ಅದೇ ಶಕ್ತಿಯ ಆಕ್ಸಿಜನ್ ಅಯಾನಿಗೆ ತ್ರಿಜ್ಯ 36 ಸೆಂಟಿಮೀಟರ್, ಅದು ಹೆಚ್ಚುಕಡಿಮೆ ನೇರವಾಗೇ ಹೋಗುತ್ತದೆ. ಓಜೆ ಎಲೆಕ್ಟ್ರಾನ್‌ಗಳ ಶಕ್ತಿ ನೂರಾರು ಎಲೆಕ್ಟ್ರಾನ್ ವೋಲ್ಟ್, ಅವಕ್ಕೆ ಇನ್ನಷ್ಟು ಬಲದ ಆಯಸ್ಕಾಂತ ಬೇಕು.

ನಿಜವಾದ ತಲೆನೋವು ಮುಂದಿನದು. ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಪಕ್ಕದ ಅಣುವಿಗೆ ಅಂಟಿಕೊಂಡು ಅದನ್ನು ಒಡೆದರೂ ಆಕ್ಸಿಜನ್ ಋಣ ಅಯಾನೇ ಬರುತ್ತದೆ. ತೂಕ ಒಂದೇ, ಡಿಟೆಕ್ಟರ್‌ವರೆಗಿನ ಹಾರಾಟದ ಸಮಯವೂ ಒಂದೇ, ಸುಮ್ನೆ ನೋಡಿದರೆ ವ್ಯತ್ಯಾಸವೇ ಗೊತ್ತಾಗದು. ಗ್ಯಾಸಿನ ಒತ್ತಡ ಎರಡು ಪಟ್ಟು ಮಾಡಿ ನೋಡಿ. ಋಣ ಅಯಾನುಗಳ ಎಣಿಕೆಯೂ ಎರಡು ಪಟ್ಟಾದರೆ ಸರಿ, ನಾಲ್ಕು ಪಟ್ಟಿನ ಕಡೆಗೆ ಏರಿದರೆ ಅದು ಎರಡನೇ ಡಿಕ್ಕಿಯ ಕೂಸು, ಒತ್ತಡ ಇಳಿಸಿ. ಗ್ಯಾಸ್ ಪೂರ್ತಿ ನಿಲ್ಲಿಸಿದಾಗಲೂ ಎಣಿಕೆ ಉಳಿದರೆ ಅದು ಲೋಹದ ಗೋಡೆಯಿಂದ ಬರುತ್ತಿರಬಹುದು. ಈ ಪರೀಕ್ಷೆಗಳಿಲ್ಲದ ಗ್ರಾಫನ್ನು ನಾನಂತೂ ನಂಬುವುದಿಲ್ಲ.

ಆಮೇಲೆ ಎಕ್ಸ್-ರೇ ಶಕ್ತಿಯನ್ನು 285ರಿಂದ 310 ಎಲೆಕ್ಟ್ರಾನ್ ವೋಲ್ಟ್‌ವರೆಗೆ ನಿಧಾನ ಏರಿಸುತ್ತಾ ಹೋಗಿ. ಧನ ಅಯಾನನ್ನೂ ಬೇರೆಯಾಗಿ ಅಳೆಯಿರಿ. ಎಣಿಕೆಯನ್ನು ಎಕ್ಸ್-ರೇ ಬೆಳಕಿನ ಪ್ರಮಾಣದಿಂದ ಭಾಗಿಸುವುದನ್ನು ಮರೆಯಬೇಡಿ, ಆ ಬೆಳಕನ್ನು ತರುವ ಕನ್ನಡಿಗಳ ಮೇಲೆ ಕೂತ ಕಾರ್ಬನ್ ಇದೇ ಜಾಗದಲ್ಲಿ ಬೆಳಕನ್ನು ನುಂಗಿರುತ್ತದೆ. 287.4ರ ಹತ್ತಿರ ದೊಡ್ಡ ಶಿಖರ ಕಾಣಬೇಕು, ಶಕ್ತಿಯ ಅಳತೆಯನ್ನು ಅದಕ್ಕೇ ಹೊಂದಿಸಿಕೊಳ್ಳಿ.

ಕೊನೆಯ ಪರೀಕ್ಷೆ 304ರ ಸುತ್ತಮುತ್ತ. ಅಲ್ಲಿ ಧನ ಅಯಾನಿನ ಗ್ರಾಫ್ ಅಗಲವಾಗಿ ಉಬ್ಬುತ್ತದೆ. 296 ದಾಟಿದ ಮೇಲೆ ಒಳಗಿನ ಎಲೆಕ್ಟ್ರಾನ್ ಅಣುವನ್ನೇ ಬಿಟ್ಟು ಹೋಗುತ್ತದೆ, ಓಜೆಯಿಂದ ಮತ್ತೊಂದು ಹೋಗುತ್ತದೆ, ಉಳಿದ ಎರಡು ಧನ ಚಾರ್ಜಿನ ಅಣುವಿನಿಂದ ಋಣ ಚೂರು ಹುಟ್ಟಬೇಕಾದರೆ ಕಾರ್ಬನ್ ಮೂರು ಚಾರ್ಜ್ ಹೊರಬೇಕು, ಅದು ಬಲು ಕಷ್ಟ. ಹಾಗಾಗಿ ಋಣ ಅಯಾನಿನ ಗ್ರಾಫಿನಲ್ಲಿ ಆ ಉಬ್ಬು ಇರಬಾರದು. ನಿಮ್ಮದರಲ್ಲಿ ಇದ್ದರೆ ಮತ್ತೆ ಆಯಸ್ಕಾಂತ ಮತ್ತು ಒತ್ತಡವನ್ನು ನೋಡಿ.