ಹೊಂಡದ ಘನಫಲ: ನಾನು ಲೆಕ್ಕ ಹಾಕಿದ ಬಗೆ

ನಮ್ಮ ಖುಷ್ಕಿ ಜಮೀನಿನ ತಗ್ಗಿನಲ್ಲಿ ಕೃಷಿ ಹೊಂಡ ತೋಡಿಸಲು ಹೊರಟಾಗ ನಾನು ಹಾಕಿದ ಮೊದಲ ಲೆಕ್ಕವೇ ತಪ್ಪಾಗಿತ್ತು. ಬಾಯಿ 12 ಮೀಟರ್ ಚೌಕ, ಆಳ 3 ಮೀಟರ್ ಎಂದು ಉದ್ದ, ಅಗಲ, ಆಳಗಳನ್ನು ಗುಣಿಸಿ 432 ಘನ ಮೀಟರ್ ಎಂದು ಬರೆದಿಟ್ಟಿದ್ದೆ. ಮಣ್ಣು ಕುಸಿಯದಂತೆ ನಾಲ್ಕೂ ಬದಿಗೆ ಒಂದಕ್ಕೆ ಒಂದರಂತೆ, ಅಂದರೆ ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿಯುವಂತೆ, ಇಳಿಜಾರು ಕೊಟ್ಟರೆ ತಳ ಕೇವಲ 6 ಮೀಟರ್ ಚೌಕವಾಗಿ ಉಳಿಯುತ್ತದೆಂಬುದು ಆಗ ಹೊಳೆದಿರಲಿಲ್ಲ.

ಘನ ಮೀಟರಿಗೆ ಇಷ್ಟೆಂದು ದರ ಮಾತಾಗಿದ್ದರಿಂದ, ಅಗೆತ ಮುಗಿದು ಹಣ ಕೊಡುವಾಗ ಇನ್ನೊಂದು ತಕರಾರು ಎದ್ದಿತು. ಗುತ್ತಿಗೆದಾರರು ಬಾಯಿಯ 144 ಮತ್ತು ತಳದ 36 ಚದರ ಮೀಟರುಗಳ ಸರಾಸರಿಯನ್ನು ಆಳದಿಂದ ಗುಣಿಸಿ 270 ಎಂದರು. ನಾನು ಅಂಚುಗಳ ಸರಾಸರಿ 9 ಮೀಟರನ್ನು ಹಿಡಿದು 243 ಎಂದೆ. ಎರಡೂ ಸರಿಯಿರಲಿಲ್ಲ.

ಹೊಂಡದ ಬದಿಗಳನ್ನು ಅದೇ ಇಳಿಜಾರಿನಲ್ಲಿ ಇನ್ನೂ 3 ಮೀಟರ್ ಕೆಳಕ್ಕೆ ಎಳೆದರೆ ಅವು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅಂದರೆ ಹೊಂಡವು ತುದಿ ಕತ್ತರಿಸಿ ತಲೆಕೆಳಗಾಗಿ ಹೂತ ಪಿರಮಿಡ್. ಪಿರಮಿಡ್ಡಿನ ಘನಫಲ ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದ್ದರ ಮೂರನೇ ಒಂದು ಭಾಗವಾದ್ದರಿಂದ, 6 ಮೀಟರ್ ಆಳದ ಇಡೀ ಪಿರಮಿಡ್ಡಿಗೆ 288, ಅಗೆಯದೆ ಉಳಿದ ತುದಿಗೆ 36, ಕಳೆದರೆ 252. ಆ ಮೊತ್ತಕ್ಕೆ ಗುತ್ತಿಗೆದಾರರೂ ಒಪ್ಪಿದರು.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ಗಣಿತಸಾರಸಂಗ್ರಹದಲ್ಲಿ ಅಗೆತದ ಲೆಕ್ಕಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆಂದು ನಾನು ಓದಿದ್ದು ಆಮೇಲೆ. ನಾನು ಹಿಡಿದ ಸರಾಸರಿಗೆ ಅಲ್ಲಿ ಕರ್ಮಾಂತಿಕವೆಂದೂ ಗುತ್ತಿಗೆದಾರರದಕ್ಕೆ ಔಂಡ್ರವೆಂದೂ ಹೆಸರಿದ್ದು, ಎರಡರ ಅಂತರದ ಮೂರನೇ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ, ಅಂದರೆ ನಿಖರವಾದ ಘನಫಲ, ಬರುತ್ತದೆ. ಅಂತರ 27, ಅದರ ಮೂರನೇ ಒಂದು 9, ಒಟ್ಟು 252! ಮೊದಲೇ ಓದಿದ್ದರೆ ಒಂದು ಸಂಜೆಯ ವಾದ ಉಳಿಯುತ್ತಿತ್ತು.

ಲೆಕ್ಕದ ನಿಜವಾದ ಉಪಯೋಗ ಕಂಡದ್ದು ಮಾತ್ರ ಮಳೆ ಬಂದ ಮೇಲೆ. ನೀರು ಏರಿದಂತೆ ಅದರ ಹರವೂ ಹಿಗ್ಗುವುದರಿಂದ, ತಳದಿಂದ 1 ಮೀಟರ್ ನಿಂತಾಗ ಹೊಂಡದಲ್ಲಿರುವುದು ಸುಮಾರು 49,000 ಲೀಟರ್, 2 ಮೀಟರಿಗೆ ಸುಮಾರು 1,31,000, ತುಂಬಿದಾಗ 2,52,000. ಹೆಚ್ಚುಕಡಿಮೆ ಅರ್ಧ ನೀರು ಮೇಲಿನ ಒಂದು ಮೀಟರಿನಲ್ಲೇ ಇರುತ್ತದೆ. ತಳದಲ್ಲಿ ನೆಟ್ಟ ಕಬ್ಬಿಣದ ಪೈಪಿನ ಮೇಲೆ ಅರ್ಧ ಮೀಟರಿಗೊಂದು ಗೆರೆ ಎಳೆದು, ಪಕ್ಕದಲ್ಲಿ ಆಳದ ಬದಲು ಲೀಟರುಗಳನ್ನೇ ಬರೆಸಿದ್ದೇನೆ. ಪಂಪು ಹಾಕುವ ಮೊದಲು ಮನೆಯವರೆಲ್ಲ ಈಗ ಅದನ್ನೇ ನೋಡುತ್ತಾರೆ.