ಮನೆಯ ನ್ಯಾಸ್‌ನಲ್ಲಿ ಹಳೇ ಡಿಸ್ಕ್ ತೆಗೆದು ಹೊಸದು ಹಾಕುವುದು ಹೇಗೆ?

ನಮ್ಮ ಮನೆಯ ನ್ಯಾಸ್ ಪೆಟ್ಟಿಗೆಯಲ್ಲಿ ಅಜ್ಜಿ ಹಾಡಿದ ಸೋಬಾನೆ ಪದಗಳ 11 ರೆಕಾರ್ಡಿಂಗ್ ಇವೆ. ಅಜ್ಜಿ ಈಗಿಲ್ಲ. ಹಾಗಾಗಿ ಪೆಟ್ಟಿಗೆಯ ಡಿಸ್ಕ್‌ಗಳು ತುಂಬುತ್ತಾ ಬಂದಾಗಲೂ, ಬದಲಿಸಲು ನನಗೆ ಕೈ ಬರಲಿಲ್ಲ. ಎರಡು ತಿಂಗಳು ಮುಂದೂಡಿದೆ. ಕೊನೆಗೆ ಒಂದೊಂದೇ ಹೆಜ್ಜೆ ಕಾಗದದ ಮೇಲೆ ಬರೆದುಕೊಂಡು ಮಾಡಿದೆ. ಒಂದು ಫೈಲೂ ಕಳೆಯಲಿಲ್ಲ. ಆ ಕಾಗದದಲ್ಲಿ ಇದ್ದದ್ದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ನ್ಯಾಸ್ ಅಂದರೆ ಮನೆಯ ರೂಟರ್‌ಗೆ ತಂತಿ ಹಾಕಿ ಇಡುವ ಪುಟ್ಟ ಪೆಟ್ಟಿಗೆ. ಒಳಗೆ ಹಾರ್ಡ್ ಡಿಸ್ಕ್‌ಗಳಿರುತ್ತವೆ. ಫೋನು, ಲ್ಯಾಪ್‌ಟಾಪ್, ಟಿವಿ ಎಲ್ಲದರಿಂದಲೂ ಅದರಲ್ಲಿರುವ ಫೋಟೊ, ವಿಡಿಯೊ ತೆಗೆದು ನೋಡಬಹುದು. ಇಲ್ಲಿ ನಾನು ಹೇಳುತ್ತಿರುವುದು ಎರಡು ಡಿಸ್ಕ್ ಹಿಡಿಯುವ ಸಿನಾಲಜಿ ಪೆಟ್ಟಿಗೆಯ ವಿಷಯ. 4 ಟಿಬಿಯ ಎರಡು ಡಿಸ್ಕ್ ತೆಗೆದು 8 ಟಿಬಿಯ ಎರಡು ಹಾಕುವ ಕೆಲಸ. ಬೇರೆ ಕಂಪನಿಯ ಪೆಟ್ಟಿಗೆಗಳಲ್ಲಿ ಮೆನುವಿನ ಹೆಸರುಗಳು ಬೇರೆ, ದಾರಿ ಹೆಚ್ಚುಕಡಿಮೆ ಇದೇ.

ತೆಗೆಯಬಹುದಾ, ಮೊದಲು ನೋಡಿ

ಎಲ್ಲ ಪೆಟ್ಟಿಗೆಯಿಂದಲೂ ಡಿಸ್ಕನ್ನು ಸುಮ್ನೆ ಎಳೆದು ತೆಗೆಯುವಂತಿಲ್ಲ. ಪೆಟ್ಟಿಗೆಯ ಡಿಸ್ಕ್‌ಗಳನ್ನು ನೋಡಿಕೊಳ್ಳುವ ಸ್ಟೋರೇಜ್ ಮ್ಯಾನೇಜರ್ ತೆರೆದು, ಸ್ಟೋರೇಜ್ ಪೂಲ್‌ನ (ಡಿಸ್ಕ್‌ಗಳನ್ನು ಕೂಡಿಸಿ ಮಾಡಿದ ಜಾಗ) ಮುಂದೆ ಏನು ಬರೆದಿದೆ ನೋಡಿ. ರೇಡ್ 1 ಎಂದಿದ್ದರೆ ಒಂದು ಡಿಸ್ಕ್‌ನಲ್ಲಿ ಇರುವುದೆಲ್ಲ ಇನ್ನೊಂದರಲ್ಲೂ ಇದೆ. ಎಸ್‌ಎಚ್‌ಆರ್ (ಸಿನಾಲಜಿಯದೇ ಬಗೆಯ ರೇಡ್) ಎಂದಿದ್ದು, ಒಂದು ಡಿಸ್ಕ್ ಕೆಟ್ಟರೂ ತಡೆಯುತ್ತದೆ ಎಂದು ಜೊತೆಗೆ ಬರೆದಿದ್ದರೆ ಅದೂ ಹಾಗೇ. ಇವೆರಡರಲ್ಲಿ ಒಂದಿದ್ದರೆ ಈ ಲೇಖನದ ದಾರಿ ನಿಮಗೆ ಆಗುತ್ತದೆ.

ರೇಡ್ 0, ಜೆಬಿಒಡಿ ಅಥವಾ ಬೇಸಿಕ್ ಎಂದಿದ್ದರೆ ಕೈ ಹಾಕಬೇಡಿ. ಅಲ್ಲಿ ಇನ್ನೊಂದು ಪ್ರತಿಯೇ ಇಲ್ಲ. ಡಿಸ್ಕ್ ತೆಗೆದರೆ ಡೇಟಾ ಹೋಯಿತು. ಅಂಥವರು ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ಹೊಸ ಡಿಸ್ಕ್‌ಗಳಲ್ಲಿ ಹೊಸದಾಗಿ ಶುರು ಮಾಡಿ, ಮತ್ತೆ ತುಂಬಿಸಬೇಕು.

ರೇಡ್ ಎಂಬ ಹೆಸರು ಬಂದದ್ದು 1987-88ರಲ್ಲಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಒಂದು ಪ್ರಬಂಧ ಬರೆದರು. ದೊಡ್ಡ ದುಬಾರಿ ಡಿಸ್ಕ್ ಒಂದರ ಬದಲು, ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಜೊತೆಗೂಡಿಸಬಹುದು ಎಂದರು. ಡಿಸ್ಕ್‌ಗಳು ಜಾಸ್ತಿಯಾದಂತೆ ಯಾವುದಾದರೂ ಒಂದು ಕೆಡುವುದೂ ಜಾಸ್ತಿ. ಅದಕ್ಕೇ ಒಂದು ಹೋದರೂ ಉಳಿದವು ನಡೆಸಿಕೊಂಡು ಹೋಗುವ ಏರ್ಪಾಡು ಇರಲೇಬೇಕು ಎಂದರು. ನಾವು ಈಗ ಮಾಡುವ ಕೆಲಸ ಆ ಏರ್ಪಾಡನ್ನೇ ನೆಚ್ಚಿಕೊಂಡಿದೆ.

ಒಂಟಿ ಕಾಲಿನ ಹೊತ್ತು

ಇಡೀ ಕೆಲಸದಲ್ಲಿ ಅಪಾಯ ಇರುವ ಜಾಗ ಒಂದೇ. ಒಂದು ಡಿಸ್ಕ್ ಹೊರಗೆ ತೆಗೆದ ಗಳಿಗೆಯಿಂದ ಹೊಸ ಡಿಸ್ಕ್ ಪೂರ್ತಿ ತುಂಬುವವರೆಗೆ, ಪೆಟ್ಟಿಗೆಯೊಳಗೆ ನಿಮ್ಮ ಡೇಟಾ ಒಂಟಿ ಕಾಲಿನ ಮೇಲೆ ನಿಂತಿರುತ್ತದೆ. ಆ ಕಾಲು ಎಡವಿದರೆ ಹಿಡಿಯಲು ಒಳಗೆ ಇನ್ನೊಂದಿಲ್ಲ.

ಎಷ್ಟು ಹೊತ್ತು? ಲೆಕ್ಕ ಸುಲಭ. ಸೆಕೆಂಡಿಗೆ 150 ಎಂಬಿಯಂತೆ ನಕಲಾದರೂ 4 ಟಿಬಿಗೆ ಏಳೂವರೆ ಗಂಟೆ ಹಿಡಿಯುತ್ತದೆ. ಮಧ್ಯೆ ಯಾರಾದರೂ ಸಿನಿಮಾ ನೋಡುತ್ತಾ ಕೂತರೆ ಇನ್ನೂ ಜಾಸ್ತಿ. ಆ ಹೊತ್ತಿನಲ್ಲಿ ಉಳಿದ ಡಿಸ್ಕ್‌ಗೆ ಬಿಡುವಿಲ್ಲದ ದುಡಿಮೆ. ವರ್ಷಗಳಿಂದ ಯಾರೂ ಮುಟ್ಟದ ಮೂಲೆಗಳನ್ನೂ ಅದು ಓದಬೇಕು. ಅಲ್ಲೆಲ್ಲೋ ಒಂದು ಸೆಕ್ಟರ್ (ಡಿಸ್ಕ್‌ನ ಒಂದು ಪುಟ್ಟ ತುಂಡು ಜಾಗ) ಕೆಟ್ಟಿದ್ದರೆ ಗೊತ್ತಾಗುವುದು ಆಗಲೇ. ಎರಡೂ ಡಿಸ್ಕ್ ಒಂದೇ ದಿನ ಕೊಂಡವು, ಒಂದೇ ಪೆಟ್ಟಿಗೆಯಲ್ಲಿ ಅಷ್ಟೇ ಗಂಟೆ ತಿರುಗಿದವು. ಒಂದಕ್ಕೆ ವಯಸ್ಸಾಗಿದ್ದರೆ ಇನ್ನೊಂದಕ್ಕೂ ಆಗಿರುತ್ತದೆ, ಅಲ್ವಾ?

ಮುಂದೆ ಹೇಳುವ ಸಿದ್ಧತೆಯೆಲ್ಲ ಈ ಏಳೆಂಟು ಗಂಟೆಗಳಿಗಾಗಿಯೇ.

ಸಿದ್ಧತೆಗೆ ಒಂದು ವಾರ ಕೊಡಿ

ಬ್ಯಾಕಪ್ ಮೊದಲು. ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ ಎಂದು ತುಂಬಾ ಜನ ಕೇಳುತ್ತಾರೆ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ರೇಡ್ ಅದನ್ನು ಎರಡೂ ಡಿಸ್ಕ್‌ನಿಂದ ಅಳಿಸುತ್ತದೆ. 2021ರ ಜೂನ್‌ನಲ್ಲಿ ಡಬ್ಲ್ಯುಡಿ (ವೆಸ್ಟರ್ನ್ ಡಿಜಿಟಲ್) ಕಂಪನಿಯ ಮೈ ಬುಕ್ ಲೈವ್ ಎಂಬ ಹಳೇ ಮಾದರಿಯ ಪೆಟ್ಟಿಗೆಗಳನ್ನು ಇಂಟರ್ನೆಟ್ ಮೂಲಕ ಯಾರೋ ಖಾಲಿ ಮಾಡಿಬಿಟ್ಟರು. 2022ರಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಕ್ಯೂನ್ಯಾಪ್ ಪೆಟ್ಟಿಗೆಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥ ಕಡೆ ಡಿಸ್ಕ್ ಎಷ್ಟಿದ್ದರೂ ಪ್ರಯೋಜನವಿಲ್ಲ. ಹೊರಗೆ ಬೇರೆಯಾಗಿ ಇಟ್ಟ ಪ್ರತಿಯೇ ಕಾಯುವುದು.

ಹಾಗಾಗಿ ಒಂದು ಯುಎಸ್‌ಬಿ ಡಿಸ್ಕ್ ತಂದು, ಸಿನಾಲಜಿಯ ಹೈಪರ್ ಬ್ಯಾಕಪ್ ತಂತ್ರಾಂಶದಿಂದ ಎಲ್ಲವನ್ನೂ ತೆಗೆದಿಡಿ. ಅಷ್ಟು ಜಾಗ ಇಲ್ಲದಿದ್ದರೆ ಮತ್ತೆ ಸಿಗದಂಥವನ್ನಾದರೂ ತೆಗೆಯಿರಿ. ಸಿನಿಮಾ ಮತ್ತೆ ಸಿಗುತ್ತದೆ, ಮಗುವಿನ ಮೊದಲ ಹುಟ್ಟುಹಬ್ಬದ ಫೋಟೊ ಸಿಗುವುದಿಲ್ಲ. ಆಮೇಲೆ ಮರೆಯದೆ ಬ್ಯಾಕಪ್‌ನಿಂದ ನಾಲ್ಕಾರು ಫೈಲ್‌ಗಳನ್ನು ವಾಪಸ್ ತೆಗೆದು, ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಅನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೆಟ್ಟಿಂಗ್‌ಗಳನ್ನೂ ಒಂದು ಫೈಲಾಗಿ ಉಳಿಸಿಕೊಳ್ಳಲು ಬರುತ್ತದೆ. ಎರಡು ನಿಮಿಷದ ಕೆಲಸ, ಮುಗಿಸಿಬಿಡಿ.

ಈಗ ಹಳೇ ಡಿಸ್ಕ್‌ಗಳ ಆರೋಗ್ಯ. ಪ್ರತಿ ಹಾರ್ಡ್ ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಮಾಹಿತಿ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಮೂರು ಸಾಲು ಸಾಕು: 5, 197, 198. ಐದನೆಯದು ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ ಲೆಕ್ಕ. 197 ಎಂದರೆ ಓದಲು ತಡವರಿಸುತ್ತಿರುವವು. 198 ಎಂದರೆ ತಿದ್ದಲು ಆಗದೇ ಇರುವವು. ಮೂರರ ಮುಂದೂ ಸೊನ್ನೆ ಇದ್ದರೆ ನೆಮ್ಮದಿ. ಆಮೇಲೆ ಎರಡೂ ಡಿಸ್ಕ್‌ಗೆ ಎಕ್ಸ್‌ಟೆಂಡೆಡ್ ಟೆಸ್ಟ್ ಹಾಕಿ ರಾತ್ರಿಯಿಡೀ ಬಿಡಿ. ಪೂಲ್‌ಗೆ ಡೇಟಾ ಸ್ಕ್ರಬಿಂಗ್ (ಇರುವ ಡೇಟಾವನ್ನೆಲ್ಲ ಓದಿ ತಪ್ಪು ಹುಡುಕುವುದು) ಮಾಡುವ ಆಯ್ಕೆ ಇದ್ದರೆ ಮರುದಿನ ಅದನ್ನೂ ಮಾಡಿಸಿ. ಕೆಟ್ಟ ಸೆಕ್ಟರ್ ಇದ್ದರೆ ಎರಡು ಕಾಲಿನ ಮೇಲೆ ನಿಂತಿರುವಾಗಲೇ ಗೊತ್ತಾಗಲಿ.

ಇದನ್ನು ಮೊದಲೇ ಮಾಡುವುದಕ್ಕೆ ಇನ್ನೊಂದು ಕಾರಣ ಇದೆ. ಯಾವ ಡಿಸ್ಕ್ ಸೊರಗಿದೆಯೋ ಅದನ್ನೇ ಮೊದಲು ತೆಗೆಯಬೇಕು. ಆಗ ಒಂಟಿಯಾಗಿ ನಿಲ್ಲುವುದು ಗಟ್ಟಿ ಡಿಸ್ಕ್. ಒಂದನೇ ನಂಬರಿನಿಂದಲೇ ಶುರು ಮಾಡೋಣ ಎಂದು ಹೊರಟರೆ, ಗಟ್ಟಿಯಾದದ್ದನ್ನು ತೆಗೆದು ಸೊರಗಿದ್ದರ ಮೇಲೆ ಭಾರ ಹೇರಿದಂತಾಗಬಹುದು.

ಮೂರನೆಯದು ಕರೆಂಟು. ನಕಲು ನಡೆಯುವಾಗ ಕರೆಂಟು ಹೋದರೆ ಸಾಮಾನ್ಯವಾಗಿ ಪೆಟ್ಟಿಗೆ ಮತ್ತೆ ಎದ್ದು ಮುಂದುವರಿಸುತ್ತದೆ. ಆದರೂ ಆ ಪರೀಕ್ಷೆ ನಮಗೆ ಬೇಡ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಇರುವವರಿಗೆ ನಾನು ಹೇಳಬೇಕಿಲ್ಲ. ಮನೆಯ ಇನ್ವರ್ಟರ್ ಇದ್ದರೂ ಅದು ಕರೆಂಟಿನಿಂದ ಬ್ಯಾಟರಿಗೆ ಹೊರಳುವ ಕ್ಷಣದಲ್ಲಿ ಪೆಟ್ಟಿಗೆ ಆರಿಹೋಗಬಹುದು. ಕಂಪ್ಯೂಟರ್‌ಗೆ ಇಡುವ ಸಣ್ಣ ಯುಪಿಎಸ್ ನಡುವೆ ಇರಲಿ. ಯುಎಸ್‌ಬಿ ತಂತಿಯಿಂದ ನ್ಯಾಸ್‌ಗೆ ಜೋಡಿಸಲು ಬರುವಂಥದ್ದಾದರೆ ಇನ್ನೂ ಒಳ್ಳೆಯದು. ಬ್ಯಾಟರಿ ಮುಗಿಯುವ ಮೊದಲು ಪೆಟ್ಟಿಗೆ ತಾನೇ ಕೆಲಸ ನಿಲ್ಲಿಸಿಕೊಳ್ಳುತ್ತದೆ.

ಡಿಸ್ಕ್ ಕೊಳ್ಳುವಾಗ

ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿರಬಾರದು. ನಿಮ್ಮ ಪೆಟ್ಟಿಗೆಯ ಮಾದರಿಗೆ ಯಾವ ಡಿಸ್ಕ್ ಹೊಂದುತ್ತದೆ ಎಂಬ ಪಟ್ಟಿ ಕಂಪನಿಯ ತಾಣದಲ್ಲಿ ಇರುತ್ತದೆ, ಅಲ್ಲಿ ನೋಡಿಯೇ ದುಡ್ಡು ಕೊಡಿ.

ಅಂಗಡಿಯಲ್ಲಿ ಇನ್ನೊಂದು ಮಾತು ಕೇಳಿ: ಇದು ಸಿಎಂಆರ್ ಡಿಸ್ಕಾ, ಎಸ್‌ಎಂಆರ್ ಡಿಸ್ಕಾ? ಸಿಎಂಆರ್‌ನಲ್ಲಿ ಬರವಣಿಗೆಯ ಸಾಲುಗಳು ಬಿಡಿಬಿಡಿಯಾಗಿ ಇರುತ್ತವೆ. ಎಸ್‌ಎಂಆರ್‌ನಲ್ಲಿ ಅವು ಮನೆಯ ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಕೂತಿರುತ್ತವೆ. ಜಾಗ ಉಳಿಯುತ್ತದೆ. ಆದರೆ ಒಂದು ಸಾಲು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ನಿರಂತರ ಬರೆಯುವ ಕೆಲಸ ಬಂದರೆ ಅದು ತೆವಳುತ್ತದೆ. 2020ರಲ್ಲಿ ಡಬ್ಲ್ಯುಡಿ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂದು ಗೊತ್ತಾಗಿ ದೊಡ್ಡ ಗದ್ದಲವೇ ಆಯಿತು. ಆಮೇಲೆ ಕಂಪನಿ ಸಿಎಂಆರ್ ಡಿಸ್ಕ್‌ಗಳನ್ನು ರೆಡ್ ಪ್ಲಸ್ ಎಂಬ ಬೇರೆ ಹೆಸರಿನಲ್ಲಿ ಮಾರತೊಡಗಿತು. ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ಇವು ಸಿಎಂಆರ್. ನಿಧಾನದ ಡಿಸ್ಕ್ ಎಂದರೆ ಒಂಟಿ ಕಾಲಿನ ಹೊತ್ತು ಉದ್ದವಾಯಿತು ಎಂದೇ ಅರ್ಥ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೊರಿಯರ್‌ನಲ್ಲಿ ತಣ್ಣಗೆ, ಒದ್ದೆ ಹವೆಯಲ್ಲಿ ಬಂದ ಡಿಸ್ಕನ್ನು ಆ ಗಳಿಗೆಯಲ್ಲೇ ಚಾಲೂ ಮಾಡಬೇಡಿ. ಚೀಲದಲ್ಲೇ ಕೆಲವು ಗಂಟೆ ಮನೆಯೊಳಗೆ ಇರಲಿ. ಕಂಪ್ಯೂಟರ್‌ಗೆ ಹಾಕಿ ಪೂರ್ತಿ ಪರೀಕ್ಷೆ ಮಾಡಲು ಸಾಧ್ಯವಿದ್ದರೆ ಖಂಡಿತ ಮಾಡಿ. ಹೊಸ ಡಿಸ್ಕೂ ಕೆಟ್ಟೇ ಬರುವುದುಂಟು.

ಬದಲಿಸುವ ದಿನ

ಬೆಳಿಗ್ಗೆ ಶುರು ಮಾಡಿ. ಮನೆಯವರಿಗೆ ಹೇಳಿ. ಫೋನುಗಳಿಂದ ಫೋಟೊ ತಾನಾಗಿ ಹೋಗುವುದನ್ನು ನಿಲ್ಲಿಸಿ. ಇದರ ಉಪಯೋಗ ಮುಂದೆ ಹೇಳುತ್ತೇನೆ.

ಯಾವ ಡಿಸ್ಕ್ ಎಲ್ಲಿದೆ ಎಂಬುದನ್ನು ಗುರುತು ಹಾಕಿ. ನಮ್ಮ ಪರಿಚಯದವರೊಬ್ಬರು ಎಡಗಡೆಯದು ಒಂದನೇದು ಎಂದುಕೊಂಡು ಚೆನ್ನಾಗಿದ್ದ ಡಿಸ್ಕನ್ನೇ ಎಳೆದುಬಿಟ್ಟಿದ್ದರು. ಒಳಗೆ ಉಳಿದದ್ದು ಸಾಯುತ್ತಿದ್ದ ಡಿಸ್ಕ್. ಊಹೆ ಮಾಡಬೇಡಿ. ಸ್ಟೋರೇಜ್ ಮ್ಯಾನೇಜರ್‌ನಲ್ಲಿ ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್ ಇದೆ. ಅದರ ಕೊನೆಯ ನಾಲ್ಕು ಅಕ್ಷರಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಡಿಸ್ಕ್ ಹೊರಗೆ ಬಂದ ಕೂಡಲೇ ಮೇಲಿನ ಚೀಟಿಯಲ್ಲಿ ಅದೇ ಇದೆಯಾ ನೋಡಿ.

ತೆಗೆಯಬೇಕಾದ ಡಿಸ್ಕ್ ಆರಿಸಿ, ಆಕ್ಷನ್ ಮೆನುವಿನಲ್ಲಿ ಡಿಆಕ್ಟಿವೇಟ್ ಒತ್ತಿ. ಪೆಟ್ಟಿಗೆ ಬೀಪ್ ಬೀಪ್ ಎಂದು ಕೂಗತೊಡಗುತ್ತದೆ, ಪೂಲ್ ಡಿಗ್ರೇಡೆಡ್ ಎಂದು ತೋರಿಸುತ್ತದೆ. ಗಾಬರಿ ಬೇಡ, ಅದು ಹಾಗೇ ಆಗಬೇಕು. ಬೀಪ್ ಸದ್ದನ್ನು ಪರದೆಯಿಂದಲೇ ನಿಲ್ಲಿಸಬಹುದು. ಡಿಸ್ಕ್ ತಿರುಗುವುದು ನಿಲ್ಲಲು ಅರ್ಧ ನಿಮಿಷ ಕೊಟ್ಟು, ಟ್ರೇ ಎಳೆಯಿರಿ. ಮುಂಭಾಗದಿಂದ ಟ್ರೇ ಎಳೆಯುವ ಮಾದರಿಗಳಲ್ಲಿ ಸಾಮಾನ್ಯವಾಗಿ ಪೆಟ್ಟಿಗೆ ಬಂದ್ ಮಾಡುವ ಅಗತ್ಯವಿಲ್ಲ. ಆದರೆ ನಿಮ್ಮ ಮಾದರಿಯ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆ ಮಾತು. ಸ್ಕ್ರೂ ಬಿಚ್ಚಿ ಕವಚ ತೆರೆಯುವ ಮಾದರಿಯಾದರೆ ಪೂರ್ತಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತ ಮೇಲೇ ಮುಟ್ಟಿ.

ತೆಗೆದ ಡಿಸ್ಕ್ ಮೇಲೆ ತಾರೀಖು ಬರೆದು, ಹೊಸ ಡಿಸ್ಕ್ ಬಂದ ಚೀಲದಲ್ಲೇ ಹಾಕಿ ಜೋಪಾನವಾಗಿ ಇಡಿ. ಇದು ಕಸ ಅಲ್ಲ. ಎರಡು ಡಿಸ್ಕ್‌ನ ಜೋಡಿಯಾದ್ದರಿಂದ, ಆ ಗಳಿಗೆಯವರೆಗಿನ ನಿಮ್ಮ ಎಲ್ಲ ಫೈಲ್‌ಗಳೂ ಅದರಲ್ಲಿ ಇಡಿಯಾಗಿ ಇವೆ.

ಹೊಸ ಡಿಸ್ಕನ್ನು ಅಂಚಿನಲ್ಲಿ ಹಿಡಿದು ಟ್ರೇಗೆ ಕೂರಿಸಿ, ಟಕ್ ಎನ್ನುವವರೆಗೆ ಒಳಗೆ ತಳ್ಳಿ. ಈಗ ಸ್ಟೋರೇಜ್ ಪೂಲ್‌ಗೆ ಹೋಗಿ ರಿಪೇರ್ ಆರಿಸಿ. ಹೊಸ ಪೂಲ್ ಮಾಡಬೇಡಿ, ಹಳೇ ಪೂಲ್ ಅಳಿಸಬೇಡಿ. ರಿಪೇರ್ ಒಂದೇ. ಡಿಸ್ಕ್‌ನಲ್ಲಿರುವುದೆಲ್ಲ ಅಳಿಯುತ್ತದೆ ಎಂಬ ಎಚ್ಚರಿಕೆ ಬರುತ್ತದೆ. ಆರಿಸಿದ್ದು ಹೊಸ ಡಿಸ್ಕೇ ಎಂದು ಸೀರಿಯಲ್ ನಂಬರ್ ನೋಡಿ ಒಪ್ಪಿಗೆ ಕೊಡಿ.

ಆಮೇಲೆ ಕಾಯುವುದು. ನಾನು ಆವತ್ತು ಪೆಟ್ಟಿಗೆ ಇದ್ದ ಕೋಣೆಯ ಬಾಗಿಲು ಹಾಕಿ, ಮಕ್ಕಳಿಗೆ ಆ ಕಡೆ ಆಡಬೇಡಿ ಎಂದಿದ್ದೆ. ತಿರುಗುತ್ತಿರುವ ಡಿಸ್ಕ್‌ಗೆ ಹೊಡೆತ ಬೀಳಬಾರದು.

ಪೂಲ್ ಹೆಲ್ದಿ ಎಂದು ತೋರಿಸಿದ ಮೇಲೂ ಅದೇ ಸಂಜೆ ಎರಡನೇ ಡಿಸ್ಕ್‌ಗೆ ಹೋಗಬೇಡಿ. ಹಳೇ ಫೋಲ್ಡರ್‌ನಿಂದ ಕೆಲವು ಫೈಲ್ ತೆರೆಯಿರಿ. ನಾನು ಅಜ್ಜಿಯ ಒಂದು ಹಾಡು ಪೂರ್ತಿ ಕೇಳಿದೆ. ಒಂದೆರಡು ದಿನ ಹೊಸ ಡಿಸ್ಕ್ ದುಡಿಯಲಿ, ಸ್ಮಾರ್ಟ್ ಸಾಲುಗಳನ್ನು ಮತ್ತೆ ನೋಡಿ. ಆಮೇಲೆ ಎರಡನೆಯದಕ್ಕೂ ಇದೇ ಕ್ರಮ.

ಎರಡನೇ ರಿಪೇರ್ ಮುಗಿಯುವವರೆಗೆ ಜಾಗ ಹೆಚ್ಚುವುದಿಲ್ಲ. ಜೋಡಿಯಲ್ಲಿ ಚಿಕ್ಕ ಡಿಸ್ಕ್ ಎಷ್ಟಿದೆಯೋ ಅಷ್ಟೇ ಲೆಕ್ಕ. ಎರಡೂ ಬದಲಾದ ಮೇಲೂ ಜಾಗ ಹೆಚ್ಚಾಗಿ ಕಾಣದಿದ್ದರೆ ಮೊದಲು ಪೂಲ್ ಅನ್ನು, ಆಮೇಲೆ ವಾಲ್ಯೂಮ್ (ಪೂಲ್‌ನೊಳಗೆ ಫೈಲ್‌ಗಳು ಕೂರುವ ಜಾಗ) ಅನ್ನು ಹಿಗ್ಗಿಸುವ ಆಯ್ಕೆ ಒತ್ತಿ. 8 ಟಿಬಿ ಕೊಂಡರೂ ಪರದೆಯಲ್ಲಿ ಸುಮಾರು 7.3 ಎಂದು ಕಾಣುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ಪೆಟ್ಟಿಗೆ 1024ರ ಲೆಕ್ಕದಲ್ಲಿ.

ನಾಲ್ಕು ಡಿಸ್ಕ್‌ನ ಪೆಟ್ಟಿಗೆ ಇರುವವರಿಗೆ ಒಂದು ಸುಖವಿದೆ. ಒಂದು ಜಾಗ ಖಾಲಿ ಇದ್ದರೆ ಹೊಸ ಡಿಸ್ಕನ್ನು ಅಲ್ಲಿ ಹಾಕಿ, ರಿಪ್ಲೇಸ್ ಡ್ರೈವ್ ಎಂಬ ಆಯ್ಕೆ ಬಳಸಿ. ಹಳೆಯದು ಒಳಗಿದ್ದಂತೆಯೇ ನಕಲಾಗುತ್ತದೆ. ಒಂಟಿ ಕಾಲಿನ ಹೊತ್ತೇ ಬರುವುದಿಲ್ಲ.

ಮಧ್ಯದಲ್ಲಿ ನಿಂತುಹೋದರೆ

ರಿಪೇರ್ ಅರ್ಧಕ್ಕೆ ನಿಂತು, ಉಳಿದ ಡಿಸ್ಕ್ ತಪ್ಪು ತೋರಿಸಿದರೆ ಏನನ್ನೂ ಒತ್ತಬೇಡಿ. ಪೆಟ್ಟಿಗೆಯನ್ನು ಶಟ್‌ಡೌನ್ ಮಾಡಿ. ನಿಮ್ಮ ಬಳಿ ಈಗಲೂ ಎರಡು ಪ್ರತಿಗಳಿವೆ: ಯುಎಸ್‌ಬಿ ಬ್ಯಾಕಪ್ ಒಂದು, ತಾರೀಖು ಬರೆದು ಇಟ್ಟ ಹಳೇ ಡಿಸ್ಕ್ ಇನ್ನೊಂದು. ಆ ಡಿಸ್ಕನ್ನು ವಿಂಡೋಸ್ ಕಂಪ್ಯೂಟರ್‌ಗೆ ಹಾಕಿದರೆ ಫಾರ್ಮ್ಯಾಟ್ ಮಾಡಲಾ ಎಂದು ಕೇಳಬಹುದು. ಬೇಡ ಎನ್ನಿ. ಉಬುಂಟು ಇರುವ ಕಂಪ್ಯೂಟರ್‌ನಲ್ಲಿ ಅದನ್ನು ಓದಬಹುದು, ಲಿನಕ್ಸ್ ಬಲ್ಲವರ ಸಹಾಯ ಪಡೆಯಿರಿ. ಫೋನಿನ ಫೋಟೊ ನಿಲ್ಲಿಸಲು ಹೇಳಿದ್ದು ಇದಕ್ಕೇ. ಡಿಸ್ಕ್ ತೆಗೆದ ಮೇಲೆ ಹೊಸದೇನೂ ಬರೆಯದಿದ್ದರೆ, ಅದರಲ್ಲಿರುವುದಕ್ಕೂ ಪೆಟ್ಟಿಗೆಯಲ್ಲಿದ್ದುದಕ್ಕೂ ವ್ಯತ್ಯಾಸವೇ ಇರುವುದಿಲ್ಲ.

ಎಲ್ಲ ಸರಿಯಾದರೆ ಹಳೇ ಡಿಸ್ಕ್ ಎರಡನ್ನೂ ಒಂದು ತಿಂಗಳು ಬೀರುವಿನಲ್ಲಿಡಿ. ಚೆನ್ನಾಗಿರುವುದನ್ನು ಬ್ಯಾಕಪ್‌ಗೆ ಬಳಸಿಕೊಳ್ಳಬಹುದು. ನನ್ನದು ಈಗ ಊರಿನಲ್ಲಿ ಅಣ್ಣನ ಮನೆಯಲ್ಲಿದೆ, ಯುಗಾದಿಗೂ ದೀಪಾವಳಿಗೂ ಹೋದಾಗ ಹೊಸ ಫೋಟೊಗಳನ್ನು ಸೇರಿಸಿ ಬರುತ್ತೇನೆ. ಸೊರಗಿದ್ದನ್ನು ಪೂರ್ತಿ ಅಳಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಕೊಡಿ. ಅಳಿಸದೆ ಗುಜರಿಗೆ ಹಾಕಬೇಡಿ, ನಿಮ್ಮ ಮನೆಯ ಫೋಟೊಗಳೆಲ್ಲ ಇನ್ನೂ ಅದರಲ್ಲಿವೆ.